ಘ್ರಾಣವೂ ನಿರ್ವಿಚಿಕಿತ್ಸೆಯೂ

ಪಂಚೇಂದ್ರಿಯಗಳಲ್ಲಿ ನಾವು ಅತ್ಯಂತ ಕಡಮೆ ಗಮನ ಕೊಡುವುದು ಘ್ರಾಣೇಂದ್ರಿಯಕ್ಕೆ. ಕಣ್ಣು ಮಂಜಾದರೆ ಕನ್ನಡಕ ಹಾಕಿಸಿಕೊಳ್ಳುತ್ತೇವೆ; ಕಿವಿ ಮಂದವಾದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಮೂಗೊಂದು ಇದೆಯೆಂಬುದು ನೆನಪಾಗುವುದು ನೆಗಡಿಯಾದಾಗ ಮಾತ್ರ. ವ್ರತನಿಯಮಗಳ ಪ್ರಸ್ತಾಪ ಬಂದಾಗಲೂ ನಾಲಗೆಯ ನಿಗ್ರಹವನ್ನು ಕುರಿತು ಗಂಟೆಗಟ್ಟಲೆ ಉಪನ್ಯಾಸ ನಡೆಯುತ್ತದೆ. ಮೂಗಿನ ನಿಗ್ರಹವನ್ನು ಕುರಿತು ಒಂದು ಮಾತು ಬಂದರೆ ಹೆಚ್ಚು. ನಾನೂ ಅರುವತ್ತೆಂಟು ವರ್ಷ ಹಾಗೆಯೇ ಇದ್ದವನು. 2021ರ ಬೇಸಗೆಯಲ್ಲಿ ಆ ಇಂದ್ರಿಯ ನನ್ನನ್ನು ಬಿಟ್ಟು ಹೋಯಿತು. ತಿಂಗಳುಗಳ ಬಳಿಕ ತುಸುತುಸುವಾಗಿ ಮರಳಿತು. ಅದು ಹೋದಾಗ ಕಲಿಸಿದ್ದಕ್ಕಿಂತ ಮರಳಿದಾಗ ಕಲಿಸಿದ್ದೇ ಅಧಿಕ. ಆ ಪಾಠ ನನಗೆ ಹೆಮ್ಮೆ ತರುವಂಥದಲ್ಲ. ಆದರೂ ಧರ್ಮಬಂಧುಗಳ ಮುಂದೆ ಅದನ್ನು ಇಡುವುದು ಒಂದು ರೀತಿಯ ಆಲೋಚನೆ ಹಾಗೂ ಪ್ರತಿಕ್ರಮಣವೆಂದು ಭಾವಿಸಿ ಬರೆಯುತ್ತಿದ್ದೇನೆ.

ಕೋವಿಡ್ ರೋಗದ ಎರಡನೆಯ ಅಲೆ ನಮ್ಮ ಪಿರಿಯಾಪಟ್ಟಣವನ್ನೂ ಬಿಡಲಿಲ್ಲ. ಆ ವರ್ಷ ಮೇ ತಿಂಗಳ ಮೊದಲ ವಾರದಲ್ಲಿ ನನಗೂ ನನ್ನ ಪತ್ನಿಗೂ ಒಟ್ಟಿಗೇ ಜ್ವರ ಬಂದಿತು. ನನ್ನ ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಐದನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಪೂಜೆಗೆಂದು ಗಂಧ ತೇಯುತ್ತ ಕುಳಿತೆ. ಸಾಣೆಕಲ್ಲಿನ ಮೇಲೆ ಕೊರಡು ತಿರುಗುತ್ತಿತ್ತು, ಗಂಧ ಇಳಿಯುತ್ತಿತ್ತು, ಬೆರಳಿಗೆ ತಣ್ಣಗೆ ತಾಕುತ್ತಿತ್ತು. ಪರಿಮಳ ಮಾತ್ರ ಇರಲಿಲ್ಲ. ಕೊರಡು ಹಳೆಯದಾಯಿತೇನೋ ಎಂದುಕೊಂಡೆ. ಧೂಪ ಹಾಕಿದಾಗ ಹೊಗೆ ಕಣ್ಣಿಗೆ ಹೊಕ್ಕು ನೀರು ಬಂತು. ಮೂಗಿಗೆ ಏನೂ ತಿಳಿಯಲಿಲ್ಲ. ಆಗ ಅರ್ಥವಾಯಿತು. ಇದು ಹೊಸ ಲಕ್ಷಣವೇನೂ ಆಗಿರಲಿಲ್ಲ. ವಾಸನೆ ಮತ್ತು ರುಚಿ ಇಲ್ಲದಾಗುವುದನ್ನು ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜೂನ್‌ನಲ್ಲಿಯೇ ಈ ರೋಗದ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು. ಪತ್ರಿಕೆಯಲ್ಲಿ ಓದುವುದು ಬೇರೆ, ದೇವರ ಮುಂದೆ ಕುಳಿತು ಅನುಭವಿಸುವುದು ಬೇರೆ.

ಆ ದಿನ ನನಗೆ ದುಃಖಕ್ಕಿಂತ ಒಂದು ವಿಚಿತ್ರವಾದ ಸಮಾಧಾನವೇ ಆಯಿತೆಂದು ಒಪ್ಪಿಕೊಳ್ಳಬೇಕು. ಅಷ್ಟವಿಧಾರ್ಚನೆಯಲ್ಲಿ ಗಂಧವನ್ನು ಸಂಸಾರತಾಪದ ನಿವಾರಣೆಗೆಂದೂ ಧೂಪವನ್ನು ಅಷ್ಟಕರ್ಮಗಳ ದಹನಕ್ಕೆಂದೂ ಅರ್ಪಿಸುತ್ತೇವೆ. ಆದರೆ ಅರ್ಪಿಸುವ ಮುನ್ನವೇ ನಮ್ಮ ಮೂಗು ಅದನ್ನು ಸವಿದಿರುತ್ತದೆ. ಈಗ ಆ ದೋಷ ತಪ್ಪಿತು, ನಾನು ಅರ್ಪಿಸುವ ಗಂಧ ಶುದ್ಧವಾಗಿ ಜಿನೇಶ್ವರನಿಗೇ ಸಲ್ಲುತ್ತದೆ ಎಂದು ಮನಸ್ಸು ಹಿಗ್ಗಿತು. ಮುಂದೆ ಬೆಳೆದ ಅಹಂಕಾರದ ಮೊದಲ ಮೊಳಕೆ ಇದೇ.

ಮೈಸೂರಿನಲ್ಲಿ ಕಂಡ ವೈದ್ಯರು ವಿಷಯವನ್ನು ಸರಳವಾಗಿ ತಿಳಿಸಿದರು. ಮೂಗಿನ ಮೇಲುಭಾಗದಲ್ಲಿ, ಹುಬ್ಬುಗಳ ನಡುವಿನ ಎಲುಬಿನ ಹಿಂದೆ, ಅಂಚೆಚೀಟಿಯಷ್ಟು ಅಗಲದ ತೆಳುವಾದ ಪೊರೆಯಿದೆ. ವಾಸನೆಯನ್ನು ಗ್ರಹಿಸುವ ನರಕೋಶಗಳಿರುವುದು ಅಲ್ಲಿಯೇ. ಆ ಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಈ ಗ್ರಾಹಕಗಳನ್ನು ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ವೈರಾಣು ಮುಖ್ಯವಾಗಿ ಹಾಳುಮಾಡುವುದು ನರಕೋಶಗಳನ್ನಲ್ಲ, ಅವುಗಳ ಸುತ್ತ ನಿಂತು ಅವನ್ನು ಪೋಷಿಸುವ ಆಧಾರಕೋಶಗಳನ್ನು ಎಂದು 2020ರ ಸಂಶೋಧನೆಗಳು ತೋರಿಸಿದವು. ಆಧಾರ ಕುಸಿದಾಗ ನರಕೋಶಗಳೂ ಸೊರಗುತ್ತವೆ. ಆದರೆ ಈ ಪೊರೆಗೆ ಒಂದು ವಿಶೇಷ ಶಕ್ತಿಯುಂಟು. ಅದರ ನರಕೋಶಗಳು ಜೀವಮಾನವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಆದ್ದರಿಂದ ಕಾಯಬೇಕು, ಅಭ್ಯಾಸ ಮಾಡಬೇಕು ಎಂದರು.

ಊರಿಗೆ ಮರಳುವಾಗ ನನಗೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ನೆನಪಾಯಿತು. ಉಮಾಸ್ವಾಮಿಗಳು ಇಂದ್ರಿಯವನ್ನು ದ್ರವ್ಯೇಂದ್ರಿಯ, ಭಾವೇಂದ್ರಿಯ ಎಂದು ಎರಡಾಗಿ ವಿಂಗಡಿಸುತ್ತಾರೆ. ದ್ರವ್ಯೇಂದ್ರಿಯದಲ್ಲಿ ನಿರ್ವೃತ್ತಿ ಎಂದರೆ ಇಂದ್ರಿಯದ ರಚನೆ. ಉಪಕರಣವೆಂದರೆ ಆ ರಚನೆಗೆ ನೆರವಾಗಿ ನಿಲ್ಲುವಂಥದು. ಭಾವೇಂದ್ರಿಯದಲ್ಲಿ ಲಬ್ಧಿಯೆಂದರೆ ಜ್ಞಾನಾವರಣ ಕರ್ಮದ ಕ್ಷಯೋಪಶಮದಿಂದ ಆತ್ಮನಿಗೆ ಒದಗುವ ಸಾಮರ್ಥ್ಯ. ಉಪಯೋಗವೆಂದರೆ ಆ ಸಾಮರ್ಥ್ಯ ವಿಷಯದ ಕಡೆಗೆ ತೊಡಗುವುದು. ಶಾಸ್ತ್ರಕಾರರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದರೆಂದು ನಾನು ವಾದಿಸುವುದಿಲ್ಲ. ಅಂಥ ವಾದಗಳಿಂದ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಗೌರವ ಬರುವುದಿಲ್ಲ. ಆದರೆ ಈ ವಿಂಗಡಣೆ ನನಗೆ ಒಂದು ಎಚ್ಚರಿಕೆಯನ್ನು ಕೊಡಬೇಕಾಗಿತ್ತು. ಕೆಟ್ಟದ್ದು ಉಪಕರಣ ಮಾತ್ರ. ಒಳಗಿನ ರಾಗದ್ವೇಷಗಳಿಗೆ ಯಾವ ವೈರಾಣುವೂ ತಗಲಿರಲಿಲ್ಲ. ಆ ಎಚ್ಚರಿಕೆಯನ್ನು ನಾನು ಆಗ ಕೇಳಿಸಿಕೊಳ್ಳಲಿಲ್ಲ.

ಮೊದಲ ಪೆಟ್ಟು ಅಡುಗೆಮನೆಯಲ್ಲಿ ಬಿತ್ತು. ಪತ್ನಿಗೆ ಜ್ವರ ಇಳಿದರೂ ನಿಶ್ಶಕ್ತಿ ಬಿಡದಿದ್ದುದರಿಂದ ಅಡುಗೆ ನನ್ನ ಪಾಲಿಗೆ ಬಂದಿತ್ತು. ಪಾಕವನ್ನು ನಮ್ಮ ಸೀಮೆಯ ಜೈನರು ಹಗುರವಾಗಿ ಕಂಡವರಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ, ಸುಮಾರು 1500ರ ಹೊತ್ತಿನವನು, ‘ಸಮ್ಯಕ್ತ್ವ ಕೌಮುದಿ’ಯನ್ನು ಬರೆದ ಕೈಯಿಂದಲೇ ‘ಸೂಪಶಾಸ್ತ್ರ’ವೆಂಬ ಸಸ್ಯಾಹಾರದ ಪಾಕಗ್ರಂಥವನ್ನೂ ಬರೆದ. ಶ್ರದ್ಧೆಗೂ ಒಗ್ಗರಣೆಗೂ ವಿರೋಧವಿದೆಯೆಂದು ಆತನಿಗೆ ತೋರಿರಲಿಲ್ಲವೆಂದು ಕಾಣುತ್ತದೆ. ಇನ್ನು ಶ್ರಾವಕನ ಆಹಾರನಿಯಮದಲ್ಲಿ ಚಲಿತರಸವೆಂಬ ಮಾತಿದೆ; ರಸ, ಗಂಧಗಳು ಕೆಟ್ಟ ಪದಾರ್ಥದಲ್ಲಿ ಸೂಕ್ಷ್ಮಜೀವಗಳು ಹುಟ್ಟಿರುವುದರಿಂದ ಅದು ಅಭಕ್ಷ್ಯ. ಹಾಗೆ ಕೆಟ್ಟಿದೆಯೆಂದು ಮೊದಲು ಹೇಳುವುದು ಮೂಗು. ನನ್ನ ಮೂಗು ಮೌನವಾಗಿತ್ತು. ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ಮಾಡಿದ ಹೆಸರುಬೇಳೆಯ ಕೂಟು ಸಂಜೆಯ ಹೊತ್ತಿಗೆ ಹಳಸಿತ್ತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಆತುರದಲ್ಲಿ ಅದನ್ನೇ ಅಮ್ಮನಿಗೆ ಬಡಿಸಿದೆ. ಅವರು ಎರಡು ತುತ್ತು ತಿಂದು, ನನ್ನ ಮುಖ ನೋಡಿ, ಏನೂ ಹೇಳದೆ ಉಳಿದದ್ದನ್ನೂ ತಿಂದರು. ಆ ರಾತ್ರಿಯಿಡೀ ಅವರಿಗೆ ವಾಂತಿಯಾಯಿತು. ಎಂಬತ್ತೆಂಟು ವರ್ಷದ ದೇಹ. ಬೆಳಗಾಗುವವರೆಗೆ ನಾನು ಣಮೋಕಾರ ಮಂತ್ರವನ್ನು ಹೇಳುತ್ತ ಕುಳಿತಿದ್ದೆ. ಯಾರನ್ನೂ ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೆ ಪ್ರಮಾದದಿಂದ ನಡೆದದ್ದನ್ನೇ ಅಲ್ಲವೇ ನಮ್ಮ ಆಚಾರ್ಯರು ಹಿಂಸೆಯೆಂದದ್ದು? ನನಗೆ ವಾಸನೆ ತಿಳಿಯದೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಬ್ಬರನ್ನು ಕೇಳದೆ ಬಡಿಸಿದ್ದು ಪ್ರಮಾದ.

ಅದೇ ವಾರ ಉಗ್ರಾಣದ ಬಾಗಿಲಲ್ಲಿ ಇರುವೆಗಳ ಸಾಲು ಕಂಡಿತು. ಹಿಂಬಾಲಿಸಿ ನೋಡಿದರೆ ಮೂಲೆಯಲ್ಲಿ ಹಲಸಿನ ಹಣ್ಣೊಂದು ಮಾಗಿ ಬಿರಿದಿತ್ತು. ಮಾಗಿದ ಹಲಸಿನ ವಾಸನೆ ಬೀದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ, ಮನೆಯೊಡೆಯನಿಗೆ ತಿಳಿದಿರಲಿಲ್ಲ. ಇರುವೆ ಮೂರೇ ಇಂದ್ರಿಯಗಳ ಜೀವಿ. ಸ್ಪರ್ಶನ, ರಸನ, ಘ್ರಾಣಗಳಷ್ಟೇ ಅದರ ಆಸ್ತಿ. ಕಣ್ಣು, ಕಿವಿ, ಮನಸ್ಸುಗಳನ್ನೆಲ್ಲ ಪಡೆದ ನಾನು ಅಂದು ಆ ಪುಟ್ಟ ಜೀವದ ಹಿಂದೆ ಶಿಷ್ಯನಂತೆ ನಡೆದೆ.

ಇಷ್ಟಾದರೂ ಅಹಂಕಾರ ಇಳಿಯಲಿಲ್ಲ. ಅದಕ್ಕೆ ಬೇರೊಂದು ಆಸರೆ ದೊರೆಯಿತು. ಅಮ್ಮ 2019ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಂದಿನಿಂದ ಹಾಸಿಗೆ ಹಿಡಿದಿದ್ದರು. ಅವರ ಸ್ನಾನ, ಶೌಚ, ಬೆನ್ನಿನ ಹುಣ್ಣಿಗೆ ಔಷಧ ಹಚ್ಚುವುದು ಎಲ್ಲವನ್ನೂ ಎರಡು ವರ್ಷಗಳಿಂದ ನನ್ನ ಪತ್ನಿಯೇ ಮಾಡುತ್ತಿದ್ದರು. ನೆರವಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಲಾಕ್‌ಡೌನ್‌ನಿಂದ ಆಕೆ ಬರುವುದು ನಿಂತಿತು, ಪತ್ನಿ ಮೇಲೇಳುವ ಸ್ಥಿತಿಯಲ್ಲಿರಲಿಲ್ಲ. ಆ ಸೇವೆ ನನಗೆ ಬಂತು. ಅದುವರೆಗೆ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಯೋಗಕ್ಷೇಮ ವಿಚಾರಿಸಿ ಹೊರಡುತ್ತಿದ್ದವನು ನಾನು. ಈಗ ಒಳಗೆ ಹೋಗಿ ಹಾಸಿಗೆ ಬದಲಿಸಿದೆ, ಮಲಮೂತ್ರ ತೆಗೆದೆ, ಹುಣ್ಣು ತೊಳೆದೆ. ನನಗೇ ಆಶ್ಚರ್ಯವಾಗುವಂತೆ ಸ್ವಲ್ಪವೂ ಹೇಸಿಗೆಯಾಗಲಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ದೇಹ ಸ್ವಭಾವದಿಂದ ಅಶುಚಿಯಾದರೂ ಅದರಲ್ಲಿ ನೆಲೆಸಿದ ಗುಣವನ್ನು ಕಂಡು, ಜುಗುಪ್ಸೆಪಡದೆ ಪ್ರೀತಿ ತೋರುವುದು ಅದರ ಲಕ್ಷಣವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ಅದಕ್ಕೆ ದೃಷ್ಟಾಂತನಾದವನು ಉದ್ದಾಯನ ಮಹಾರಾಜ. ದೇವನೊಬ್ಬ ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ಅದನ್ನೆಲ್ಲ ವಾಂತಿ ಮಾಡಿದ. ದುರ್ಗಂಧಕ್ಕೆ ಪರಿಜನರು ಓಡಿಹೋದರು. ರಾಜನೂ ರಾಣಿಯೂ ಅಲ್ಲಿಯೇ ನಿಂತು ಮೈ ತೊಳೆದರು. ತಾನು ಕೊಟ್ಟ ಆಹಾರವೇ ದೋಷಯುಕ್ತವಾಗಿತ್ತೇನೋ ಎಂದು ರಾಜ ತನ್ನನ್ನೇ ನಿಂದಿಸಿಕೊಂಡ. ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದೆ. ಅದೀಗ ನನ್ನ ಬಾಳಿನಲ್ಲಿ ನಡೆಯುತ್ತಿದೆಯೆಂದು ತೋರಿತು. ದೂರವಾಣಿಯಲ್ಲಿ ಮಾತನಾಡಿದ ನೆಂಟರಿಷ್ಟರಿಗೆ, ಮನಸ್ಸೊಂದಿದ್ದರೆ ಎಲ್ಲವೂ ಸಾಧ್ಯ ಎಂದು ಉಪದೇಶಿಸಿದೆ. ಒಂದು ಸಂಜೆ, ಗಂಜಿ ಕುಡಿಯುತ್ತ ಕುಳಿತಿದ್ದ ಪತ್ನಿಗೂ ಉದ್ದಾಯನನ ಕಥೆಯನ್ನು ವಿವರವಾಗಿ ಹೇಳಿದೆ. ಅವರು ತಲೆತಗ್ಗಿಸಿ ಕೇಳಿದರು. ಆಗಸ್ಟ್ ವೇಳೆಗೆ ಅವರು ಚೇತರಿಸಿಕೊಂಡು, “ಇನ್ನು ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ” ಎಂದಾಗಲೂ ನಾನು ಒಪ್ಪಲಿಲ್ಲ. ಆ ಪುಣ್ಯಕಾರ್ಯವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಈ ನಡುವೆ ವೈದ್ಯರು ಹೇಳಿದ ಅಭ್ಯಾಸವೂ ಜೂನ್ ತಿಂಗಳಿನಿಂದ ನಡೆದಿತ್ತು. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಕ್ರಮವದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಒಂದೊಂದನ್ನೂ ಹತ್ತು ಸೆಕೆಂಡಿನಷ್ಟು ಹೊತ್ತು ಗಮನವಿಟ್ಟು ಮೂಸಬೇಕು. ಹೀಗೆ ಹನ್ನೆರಡು ವಾರವಾದರೂ ಮುಂದುವರಿಸಬೇಕು. ನಾನು ನಾಲ್ಕು ಪುಟ್ಟ ಭರಣಿಗಳಲ್ಲಿ ಪನ್ನೀರು, ನೀಲಗಿರಿ ಎಣ್ಣೆ, ನಿಂಬೆಸಿಪ್ಪೆ, ಜಜ್ಜಿದ ಲವಂಗ ಇಟ್ಟುಕೊಂಡೆ. ವಾರಗಟ್ಟಲೆ ನಾಲ್ಕೂ ಬರಿಯ ಗಾಳಿ. ನೀಲಗಿರಿಯ ಎಣ್ಣೆ ಮೂಗಿನೊಳಗೆ ತಣ್ಣಗೆ ಕುಟುಕುತ್ತಿತ್ತು. ಅದು ಸ್ಪರ್ಶ, ಗಂಧವಲ್ಲ. ಏನೂ ತಿಳಿಯದಿದ್ದರೂ ಬಿಡಬೇಡಿ ಎಂದು ವೈದ್ಯರು ಒತ್ತಿ ಹೇಳಿದ್ದರು.

ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವ್ಯಂಜನಾವಗ್ರಹವನ್ನು ವಿವರಿಸುವಾಗ ಕೊಡುವ ಉದಾಹರಣೆ ಆ ದಿನಗಳಲ್ಲಿ ನನಗೆ ಆಸರೆಯಾಯಿತು. ಹೊಸ ಮಣ್ಣಿನ ಪಾತ್ರೆಯ ಮೇಲೆ ಎರಡು ಮೂರು ಹನಿ ನೀರು ಚಿಮುಕಿಸಿದರೆ ಅದು ಒದ್ದೆಯಾಗುವುದಿಲ್ಲ. ಹನಿಗಳು ಎಲ್ಲಿ ಹೋದುವೆಂದೇ ತಿಳಿಯದು. ಮತ್ತೆ ಮತ್ತೆ ಚಿಮುಕಿಸುತ್ತಿದ್ದರೆ ಮೆಲ್ಲಗೆ ಒದ್ದೆಯಾಗುತ್ತದೆ. ಹಾಗೆಯೇ ಗಂಧಾದಿಗಳು ಇಂದ್ರಿಯವನ್ನು ಮುಟ್ಟಿದ ಮೊದಲ ಕ್ಷಣಗಳಲ್ಲಿ ಜ್ಞಾನ ಅವ್ಯಕ್ತವಾಗಿರುತ್ತದೆ; ವ್ಯರ್ಥವಾಗಿರುವುದಿಲ್ಲ. ನಾನು ದಿನಕ್ಕೆರಡು ಸಲ ನನ್ನ ಹೊಸ ಮಡಕೆಗೆ ಹನಿ ಹಾಕುತ್ತ ಹೋದೆ.

ಮಡಕೆ ಒದ್ದೆಯಾದದ್ದು ಆಗಸ್ಟ್ ಕೊನೆಯಲ್ಲಿ. ಆದರೆ ಆ ನಾಲ್ಕು ಭರಣಿಗಳಿಂದಲ್ಲ. ಒಂದು ಸಂಜೆ ಜಗಲಿಯ ಮೇಲೆ ಸಾಮಾಯಿಕಕ್ಕೆ ಕುಳಿತಿದ್ದೆ. ಏನೋ ಇದೆಯೆಂದು ತೋರಿತು. ಏನಿರಬಹುದು? ಸಿಹಿಯೇ, ಹೊಗೆಯೇ? ಮರುಕ್ಷಣ ತಿಳಿಯಿತು: ನೆರೆಯ ಹೊಲದ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿದೆ. ಅದರೊಡನೆಯೇ, ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರ ನಡುವೆ ಓಡಾಡಿದ ಬಾಲ್ಯವೆಲ್ಲ ಕಣ್ಣಮುಂದೆ ಬಂತು. ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ಪುಸ್ತಕದಲ್ಲಿ ಓದಿದ್ದ ನಾಲ್ಕು ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದ ಅನುಭವವಾಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಆ ಆನಂದ ಎರಡು ದಿನ ಇತ್ತು. ಮೂರನೆಯ ದಿನ ಅದರ ಮೂಲವನ್ನು ಯೋಚಿಸಿದೆ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಹಗುರ ಮಣ್ಣು ವರ್ಜೀನಿಯಾ ಹೊಗೆಸೊಪ್ಪಿಗೆ ಹೇಳಿಮಾಡಿಸಿದಂತಿದೆ. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ರಾಜ್ಯದಲ್ಲಿ ಹರಾಜು ಪದ್ಧತಿ ಬಂದ ಮೇಲೆ ಕಂಪಲಾಪುರದ ಹರಾಜಿನ ದರದ ಮೇಲೆಯೇ ಇಲ್ಲಿನ ಮದುವೆಮುಂಜಿಗಳು ನಿಂತಿವೆ. ಬ್ಯಾರನ್‌ನಲ್ಲಿ ಬೆಂಕಿಯ ಬಿಸಿ ಕೊಳವೆಗಳಲ್ಲಿ ಹಾಯುತ್ತದೆ. ಹೊಗೆ ಸೊಪ್ಪನ್ನು ಮುಟ್ಟುವುದಿಲ್ಲ. ಸೊಪ್ಪು ಮೊದಲು ಹಳದಿಯಾಗಿ, ಎಲೆ ಒಣಗಿ, ಕೊನೆಗೆ ನಡುನರ ಒಣಗುವ ಹೊತ್ತಿಗೆ ಐದಾರು ದಿನವಾಗುತ್ತದೆ. ಹದವಾದ ಸೊಪ್ಪಿನ ಹಲವು ಪಟ್ಟು ತೂಕದ ಸೌದೆ ಬೂದಿಯಾಗಿರುತ್ತದೆ. ಆಶಾಧರ ಪಂಡಿತರು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕ ಬಿಡಬೇಕೆಂದು ಹೆಸರಿಸುವ ಖರಕರ್ಮಗಳಲ್ಲಿ ವನಜೀವಿಕೆಯೂ ಅಗ್ನಿಜೀವಿಕೆಯೂ ಇವೆ. ನಮ್ಮ ನಾಲ್ಕು ಎಕರೆ ಹೊಲವೂ ಗುತ್ತಿಗೆಯಲ್ಲಿ ಇದೇ ಬೆಳೆಗೆ ಹೋಗಿತ್ತು. ಆ ಹೊಗೆ ನನಗೆ ಸುಗಂಧವಾಗಿ ತೋರಿದ್ದು ಬಾಲ್ಯದ ನೆನಪಿನಿಂದ ಮಾತ್ರವೇ, ಅಥವಾ ಗುತ್ತಿಗೆಯ ಹಣದಿಂದಲೂ ಹೌದೇ? ಅರುವತ್ತು ವರ್ಷ ಆ ವಾಸನೆಯ ನಡುವೆಯೇ ಬಾಳಿದ್ದರಿಂದ ಈ ಪ್ರಶ್ನೆ ಹುಟ್ಟಿರಲಿಲ್ಲ. ಮುಂದಿನ ಗುತ್ತಿಗೆಯಲ್ಲಿ ಅರ್ಧ ಹೊಲಕ್ಕೆ ರಾಗಿ, ಅವರೆ ಹಾಕಬೇಕೆಂದು ಮಾತಾಯಿತು. ಉಳಿದರ್ಧವನ್ನು ಬಿಡಿಸಿಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ರಾಗದ ಪರೀಕ್ಷೆ ಇದಾದರೆ ದ್ವೇಷದ ಪರೀಕ್ಷೆ ಅಕ್ಟೋಬರ್‌ನಲ್ಲಿ ಬಂತು. ವಾಸನೆ ಮರಳುವಾಗ ನೇರವಾಗಿ ಮರಳುವುದಿಲ್ಲ. ಹೊಸ ನರಕೋಶಗಳ ಸಂಪರ್ಕ ಸರಿಯಾಗುವವರೆಗೆ ಒಳ್ಳೆಯ ಪದಾರ್ಥವೂ ಕೆಟ್ಟದಾಗಿ ತೋರುವುದುಂಟು. ನನಗೆ ಕೆಲವು ವಾರ ಕಾಫಿ ಸುಟ್ಟ ರಬ್ಬರಿನಂತೆ ನಾರಿತು. ಪನ್ನೀರು, ಲವಂಗಗಳು ಮಾತ್ರ ದಿನದಿನಕ್ಕೆ ತಿಳಿಯಾದವು. ಒಂದು ಬೆಳಿಗ್ಗೆ ಎಂದಿನಂತೆ ಬಿಸಿನೀರು, ಬಟ್ಟೆ ಹಿಡಿದು ಅಮ್ಮನ ಕೋಣೆಯ ಬಾಗಿಲು ತೆರೆದೆ. ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ರಾತ್ರಿಯ ಮೂತ್ರ, ಹುಣ್ಣಿನ ಕೀವು, ಔಷಧ, ಮುದಿಮೈಯ ಬೆವರು ಎಲ್ಲವೂ ಒಟ್ಟಿಗೆ. ಹೊಟ್ಟೆ ತೊಳಸಿತು. ನಾನು ಹೊಸ್ತಿಲಲ್ಲೇ ನಿಂತೆ. ಹೆಗಲ ಮೇಲಿನ ವಸ್ತ್ರ ತಾನಾಗಿ ಮೂಗಿಗೆ ಹೋಯಿತು. ಐದು ತಿಂಗಳಿಂದ ಪ್ರತಿದಿನ ಎರಡು ಸಲ ಹೋಗುತ್ತಿದ್ದ ಕೋಣೆ ಅದೇ. ಮಲಗಿದ್ದವರು ಅದೇ ಅಮ್ಮ.

ಅವರು ಕಣ್ಣು ತೆರೆದು ನನ್ನನ್ನೂ ವಸ್ತ್ರವನ್ನೂ ನೋಡಿದರು. ಬಳಿಕ ಬಹಳ ಸಂತೋಷದಿಂದಲೇ ಕೇಳಿದರು: “ಏನೋ ಮಗು, ಮೂಗು ಬಂತಾ?”

ಆ ಪ್ರಶ್ನೆಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಮಗನ ಕಾಯಿಲೆ ವಾಸಿಯಾಯಿತೆಂಬ ನೆಮ್ಮದಿಯಷ್ಟೇ ಇತ್ತು. ಅದಕ್ಕಾಗಿಯೇ ಅದು ನನ್ನನ್ನು ಹೆಚ್ಚು ನೋಯಿಸಿತು. ಅವರಿಗೆ ಮೊದಲಿನಿಂದಲೂ ಎಲ್ಲವೂ ತಿಳಿದಿತ್ತು. ನನ್ನ ನಿರ್ವಿಚಿಕಿತ್ಸೆಯ ಬಂಡವಾಳ ಎಷ್ಟೆಂಬುದೂ ತಿಳಿದಿತ್ತು. ಉದ್ದಾಯನ ಮಹಾರಾಜನಿಗೆ ಮೂಗಿತ್ತು. ದುರ್ಗಂಧ ಪರಿಜನರಿಗೆ ತಿಳಿದಷ್ಟೇ ಅವನಿಗೂ ತಿಳಿದಿತ್ತು, ತಿಳಿದೂ ನಿಂತ. ನನಗೆ ತಿಳಿಯಲಿಲ್ಲ, ಆದ್ದರಿಂದ ನಿಂತೆ. ಕುರುಡನು ಪರರ ಸಿರಿಯನ್ನು ನೋಡಲಿಲ್ಲವೆಂದರೆ ಅದು ಅಪರಿಗ್ರಹವಾದೀತೇ?

ಕೈಯಲ್ಲಿದ್ದ ನೀರು ಆರುತ್ತಿತ್ತು. ಹಿಂದೆ ತಿರುಗಿದಾಗ ಪತ್ನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡು ವರ್ಷ, ದಿನಕ್ಕೆರಡು ಸಲ, ಮೂಗಿದ್ದೂ ಈ ಕೋಣೆಗೆ ಹೋಗಿ ಬಂದವರು ಅವರು. ಯಾರಿಗೂ ದೂರವಾಣಿಯಲ್ಲಿ ಹೇಳಿಕೊಂಡವರಲ್ಲ. ನಾನೂ ಒಂದು ದಿನ ಮೆಚ್ಚಿ ಮಾತನಾಡಿದವನಲ್ಲ. ಅಂಥವರಿಗೆ ನಾನು ಉದ್ದಾಯನನ ಕಥೆ ಹೇಳಿದ್ದೆ! ಅವರು ನನ್ನ ಕೈಯಿಂದ ಪಾತ್ರೆಯನ್ನು ತೆಗೆದುಕೊಳ್ಳಲು ಬಂದರು. ನಾನು ಕೊಡಲಿಲ್ಲ. “ಹೇಗೆ ಮಾಡುತ್ತಿದ್ದೆ?” ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಮೊದಲ ತಿಂಗಳು ಬಹಳ ಕಷ್ಟವಾಯಿತು. ಆಮೇಲೆ ವಾಸನೆ ಇರುತ್ತಿತ್ತು, ಆದರೆ ಅತ್ತೆ ಅದಕ್ಕಿಂತ ಮುಂದೆ ಇರುತ್ತಿದ್ದರು” ಎಂದರು. ಇಷ್ಟು ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಯಾವ ಉಪನ್ಯಾಸದಲ್ಲಿಯೂ ಕೇಳಿರಲಿಲ್ಲ.

ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದೆ. ಆ ದಿನ ಕೈ ನಡುಗಿತು. ಬೇಗ ಮುಗಿಸಿ ಹೊರಗೆ ಬಂದು ಬಾವಿಕಟ್ಟೆಯ ಬಳಿ ವಾಂತಿ ಮಾಡಿದೆ. ಸಂಜೆ ಮತ್ತೆ ಹೋದೆ. ಅಂದಿನಿಂದ ನಾವಿಬ್ಬರೂ ಸರದಿಯಲ್ಲಿ ಆ ಕೆಲಸ ಮಾಡಿದೆವು. ಮರುವರ್ಷದ ಚಳಿಗಾಲದಲ್ಲಿ ಅಮ್ಮ ಶಾಂತವಾಗಿ ಕಣ್ಣು ಮುಚ್ಚಿದರು. ಅಷ್ಟರೊಳಗೆ ನನಗೆ ಜುಗುಪ್ಸೆ ಪೂರ್ತಿ ಹೋಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಹೋಗಿರುತ್ತಿತ್ತು, ಕೆಲವು ದಿನ ಇರುತ್ತಿತ್ತು. ವಾಸನೆ ಮಾತ್ರ ಎಂದೂ ಹೋಗಲಿಲ್ಲ. ಹೋಗಬೇಕೆಂದು ನಾನು ಬಯಸಲೂ ಇಲ್ಲ.

ಇಂದ್ರಿಯಜಯವೆಂದರೆ ಇಂದ್ರಿಯ ಇಲ್ಲದಿರುವುದಲ್ಲ. ಅಪರಿಗ್ರಹವ್ರತದ ಭಾವನೆಗಳಲ್ಲಿ ಹೇಳಿರುವುದು ಮನೋಜ್ಞ, ಅಮನೋಜ್ಞ ವಿಷಯಗಳಲ್ಲಿ ರಾಗದ್ವೇಷಗಳನ್ನು ತೊರೆಯಬೇಕೆಂದು; ವಿಷಯಗಳು ತಿಳಿಯದಂತಿರಬೇಕೆಂದಲ್ಲ. ತಿಳಿಯದಿದ್ದಾಗ ನಾನು ಹೆತ್ತ ತಾಯಿಗೆ ಹಳಸಿದ್ದನ್ನು ಉಣಿಸಿದೆ. ತಿಳಿದಾಗ ಅವರ ಹೊಸ್ತಿಲಲ್ಲಿ ಮೂಗು ಮುಚ್ಚಿಕೊಂಡೆ. ಎರಡರ ನಡುವೆ, ತಿಳಿದೂ ಒಳಗೆ ನಡೆಯುವ ಒಂದು ದಾರಿಯಿದೆ. ನಮ್ಮ ಮನೆಯಲ್ಲಿಯೇ ಒಬ್ಬರು ಅದರಲ್ಲಿ ನಡೆಯುತ್ತಿದ್ದರು, ನನಗೆ ಕಂಡಿರಲಿಲ್ಲ.

ಪ್ರತಿ ಬೆಳಿಗ್ಗೆ ಗಂಧ ತೇಯುವಾಗ ಈಗ ಪರಿಮಳ ಮೊದಲು ನನ್ನ ಮೂಗಿಗೇ ಬರುತ್ತದೆ. ಬರಲಿ. ಅದನ್ನು ಅರಿತೇ ಅರ್ಪಿಸುತ್ತೇನೆ. ನಾಲ್ಕು ಭರಣಿಗಳು ದೇವರ ಗೂಡಿನ ಪಕ್ಕದಲ್ಲಿ ಇನ್ನೂ ಇವೆ. ಮೂಗಿಗೆ ಅವುಗಳ ಅಗತ್ಯ ಮುಗಿದಿದೆ. ಆದರೆ ಏನೂ ತಿಳಿಯದಿದ್ದರೂ ಬಿಡಬೇಡಿ ಎಂದ ವೈದ್ಯರ ಮಾತು ಮೂಗಿಗೆ ಮಾತ್ರ ಹೇಳಿದ್ದಲ್ಲವೆಂದು ಅವನ್ನು ಕಂಡಾಗಲೆಲ್ಲ ತೋರುತ್ತದೆ. ಶ್ರಾವಕನ ಮನಸ್ಸೂ ಹೊಸ ಮಣ್ಣಿನ ಪಾತ್ರೆಯೇ. ದಿನಕ್ಕೆರಡು ಹನಿ ಹಾಕುತ್ತಿರಬೇಕು. ಎಂದು ಒದ್ದೆಯಾದೀತೆಂದು ಕೇಳಬಾರದು.